ತೂರಾಡುವ ಬೆಕ್ಕು: ಒಂದು ನ್ಯೂನತೆಯ ಚರಿತ್ರೆ

ಹುಟ್ಟಿದ ಮೂರು ನಾಲ್ಕು ವಾರಕ್ಕೆ ಬೆಕ್ಕಿನ ಮರಿಗಳು ಓಡಾಡತೊಡಗುತ್ತವೆ. ಅವುಗಳಲ್ಲಿ ಕೆಲವು ಮಾತ್ರ ಕಾಲು ಅಗಲಿಸಿ, ತೂರಾಡುತ್ತ ಹೆಜ್ಜೆ ಇಡುತ್ತವೆ. ಹಾಲಿನ ಬಟ್ಟಲಿಗೆ ಬಾಯಿ ಹಾಕಲು ಹೋದರೆ ತಲೆ ಅದುರುತ್ತದೆ. ಬಟ್ಟಲು ಹತ್ತಿರವಾದಷ್ಟೂ ನಡುಕ ಹೆಚ್ಚುತ್ತದೆ. ನಿದ್ದೆ ಹತ್ತಿದರೆ ನಡುಕ ನಿಲ್ಲುತ್ತದೆ. ಸಮತೋಲ ಮತ್ತು ಚಲನೆಯ ಹದ ನೋಡಿಕೊಳ್ಳುವ ಅನುಮಸ್ತಿಷ್ಕ ಪೂರ್ತಿ ಬೆಳೆಯದೆ ಉಳಿಯುವುದರಿಂದ ಹೀಗಾಗುತ್ತದೆ.

1888ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವರದಿಗಳಲ್ಲಿ ಹೆರಿಂಗ್‌ಹ್ಯಾಮ್ ಮತ್ತು ಆಂಡ್ರೂಸ್ ಎಂಬ ವೈದ್ಯರು ಇಂಥ ಎರಡು ಬೆಕ್ಕುಗಳನ್ನು ವಿವರಿಸಿದರು. ಒಂದೇ ಸೂಲಿನ ಹಲವು ಮರಿಗಳಲ್ಲಿ ಕಾಣಿಸುತ್ತಿದ್ದುದರಿಂದ ಇದು ವಂಶದಿಂದ ಬಂದದ್ದೆಂಬ ಎಣಿಕೆ ಬಹುಕಾಲ ಉಳಿಯಿತು. ಬೆಕ್ಕುಗಳಲ್ಲಿ ವಾಂತಿ, ಭೇದಿ ತರುವ ಪ್ಯಾನ್‌ಲ್ಯೂಕೊಪೀನಿಯ ರೋಗಕ್ಕೆ ವೈರಸ್ ಕಾರಣವೆಂದು 1928ರಲ್ಲಿ ಫ್ರಾನ್ಸಿನ ವರ್ಜ್ ಮತ್ತು ಕ್ರಿಸ್ಟೊಫೊರೊನಿ ತೋರಿಸಿದರೂ, ಎರಡರ ನಂಟು ಬೆಳಕಿಗೆ ಬಂದದ್ದು 1960ರ ದಶಕದಲ್ಲಿ. ಅಮೆರಿಕದ ಡಾರ್ಟ್‌ಮತ್ ವೈದ್ಯಕೀಯ ಶಾಲೆಯ ಲಾರೆನ್ಸ್ ಕಿಲ್ಹಮ್ ಮತ್ತು ಜಾರ್ಜ್ ಮಾರ್ಗೊಲಿಸ್ ತೂರಾಡುವ ಮರಿಗಳಿಂದ ವೈರಸ್ ಬೇರ್ಪಡಿಸಿ, ಅದನ್ನು ನವಜಾತ ಮರಿಗಳಿಗೆ ಚುಚ್ಚಿ ಅದೇ ನ್ಯೂನತೆ ಬರುವುದನ್ನು 1966ರಲ್ಲಿ ಪ್ರಕಟಿಸಿದರು. ಅದು ಪ್ಯಾನ್‌ಲ್ಯೂಕೊಪೀನಿಯದ ವೈರಸ್ಸೇ ಆಗಿತ್ತು.

ಈ ವೈರಸ್ ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಕೊಲ್ಲುತ್ತದೆ. ಬೆಳೆದ ಬೆಕ್ಕಿನಲ್ಲಿ ಅಂಥ ಕೋಶಗಳಿರುವುದು ಕರುಳು ಮತ್ತು ಅಸ್ಥಿಮಜ್ಜೆಯಲ್ಲಿ. ಗರ್ಭದ ಕೊನೆಯ ದಿನಗಳಲ್ಲೂ ಹುಟ್ಟಿದ ಹೊಸದರಲ್ಲೂ ಅನುಮಸ್ತಿಷ್ಕದ ಕೋಶಗಳು ಹಾಗೆಯೇ ಹೆಚ್ಚುತ್ತಿರುತ್ತವೆ. ಆಗ ಸೋಂಕು ತಗುಲಿದರೆ ಆ ಭಾಗ ಕುಗ್ಗಿ ಉಳಿಯುತ್ತದೆ. ಹಾನಿ ಅಲ್ಲಿಗೇ ನಿಲ್ಲುತ್ತದೆ: ನ್ಯೂನತೆ ವಾಸಿಯಾಗುವುದಿಲ್ಲ, ವಯಸ್ಸಾದಂತೆ ಉಲ್ಬಣಿಸುವುದೂ ಇಲ್ಲ, ನೋವನ್ನೂ ಕೊಡುವುದಿಲ್ಲ. ಸಾಕಲು ಬರುವುದಿಲ್ಲವೆಂದು ಕೊಲ್ಲುವ ಅಗತ್ಯ ತಪ್ಪಿದ್ದು ಈ ತಿಳಿವಳಿಕೆಯಿಂದ.

ಬೆಳಗಾವಿ ಜಿಲ್ಲೆಯ ಯಮಕನಮರಡಿ ಸೀಮೆಯಂಥ ಕೃಷಿ ಪ್ರದೇಶದಲ್ಲಿ ಬೆಕ್ಕು ಸಾಕುತ್ತಿದ್ದುದು ಜೋಳದ ಹಗೇವು, ಕಣಜಗಳಿಗೆ ಬೀಳುವ ಇಲಿಗಳ ಕಾಟಕ್ಕೆ. ಬೇಟೆಯಾಡಲಾರದ ಮರಿಗೆ ಅಲ್ಲಿ ಕೆಲಸವಿರಲಿಲ್ಲ. ಪಶುವೈದ್ಯ ವ್ಯವಸ್ಥೆಯೂ ಬೆಕ್ಕಿಗಾಗಿ ಹುಟ್ಟಿದ್ದಲ್ಲ. 1956ರವರೆಗೆ ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಪಶುವೈದ್ಯ ಕಾಲೇಜು 1886ರಲ್ಲಿ ತೆರೆಯಿತು. ಬೆಂಗಳೂರಿನ ಹೆಬ್ಬಾಳದ ಸೀರಮ್ ಸಂಸ್ಥೆ 1925ರಲ್ಲಿ ಆರಂಭವಾದದ್ದು ದನಗಳ ದೊಡ್ಡರೋಗ ತಡೆಯಲು. ಜನ ಪಶು ಆಸ್ಪತ್ರೆಯನ್ನು ದನದ ದವಾಖಾನಿ ಎಂದೇ ಕರೆದರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮಾತ್ರ ದನ, ಬೆಕ್ಕು ಎಂಬ ಭೇದ ಮಾಡಲಿಲ್ಲ. ಹಸಿವು, ಬಾಯಾರಿಕೆಯಿಂದ ನರಳುವಂತೆ ಯಾವುದೇ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬರುವುದು ಅಪರಾಧವಾಯಿತು.

ತೂರಾಡುವ ಬೆಕ್ಕನ್ನು ಮನೆಯೊಳಗೇ ಸಾಕಬೇಕಾಗುತ್ತದೆ. ನುಣುಪಾದ ಫರಸಿಯ ಮೇಲೆ ಕಾಲು ಜಾರುವುದರಿಂದ ಗೋಣಿಚೀಲ ಹಾಸುತ್ತಾರೆ. ಮಗುಚದಂತೆ ಅಗಲ ತಳದ, ಭಾರದ ಬಟ್ಟಲಿನಲ್ಲಿ ಊಟ ಇಡುತ್ತಾರೆ. ಮಲದ ತಟ್ಟೆಯ ಒಂದು ಬದಿ ತಗ್ಗಾಗಿರಬೇಕು. ಮಾಳಿಗೆ, ಬಾವಿಕಟ್ಟೆ, ರಸ್ತೆಗಳಿಂದ ದೂರವಿಡಬೇಕು. ಆದರೆ ಚೆನ್ನಾಗಿದ್ದ ಬೆಕ್ಕು ಏಕಾಏಕಿ ತೂರಾಡಿದರೆ ಅದು ಬೇರೆ ವಿಷಯ: ರೇಬೀಸ್, ಕೀಟನಾಶಕದ ವಿಷ ಅಥವಾ ತಲೆಪೆಟ್ಟು ಇರಬಹುದಾದ್ದರಿಂದ ಕೂಡಲೇ ವೈದ್ಯರಿಗೆ ತೋರಿಸಬೇಕು.

ನ್ಯೂನತೆಗೆ ಮದ್ದಿಲ್ಲದಿದ್ದರೂ ತಡೆ ಇದೆ. ತಾಯಿಬೆಕ್ಕಿಗೆ ಗರ್ಭ ಕಟ್ಟುವ ಮೊದಲೇ ಪ್ಯಾನ್‌ಲ್ಯೂಕೊಪೀನಿಯ ಲಸಿಕೆ ಹಾಕಿಸಿದರೆ ಮರಿಗಳು ಪಾರಾಗುತ್ತವೆ. ಗರ್ಭಿಣಿಗೂ ನಾಲ್ಕು ವಾರದೊಳಗಿನ ಮರಿಗೂ ಜೀವಂತ ವೈರಸ್ಸಿನ ಲಸಿಕೆ ಹಾಕುವುದಿಲ್ಲ, ಲಸಿಕೆಯ ವೈರಸ್ಸೂ ಅನುಮಸ್ತಿಷ್ಕಕ್ಕೆ ಹಾನಿ ಮಾಡಬಲ್ಲದು.