ನಮ್ಮ ಮೇಷ್ಟ್ರೂ ಕಲಿಯುತ್ತಿದ್ದರು

ಶಾಲೆಯ ಇತಿಹಾಸ ಎಂದರೆ ಕಟ್ಟಡ ಎದ್ದ ವರ್ಷ, ಮುಖ್ಯೋಪಾಧ್ಯಾಯರ ಪಟ್ಟಿ, ಎಸ್‌ಎಸ್‌ಎಲ್‌ಸಿ ಫಲಿತಾಂಶ. ಪಾಠ ಹೇಳುವವರು ತಮ್ಮ ಪಾಠವನ್ನು ತಾವೇ ಹೇಗೆ ತಿದ್ದಿಕೊಂಡರು ಎಂಬುದು ಮಾತ್ರ ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಆ ಕೆಲಸಕ್ಕೆ ಶಿಕ್ಷಣ ಇಲಾಖೆಯ ಮಾತಿನಲ್ಲಿ ‘ಕ್ರಿಯಾ ಸಂಶೋಧನೆ’ ಎಂದು ಹೆಸರು.

ಈ ಹೆಸರಿಗೂ ಒಂದು ಚರಿತ್ರೆಯಿದೆ. ಯೋಜಿಸು, ಮಾಡಿ ನೋಡು, ಫಲ ಗಮನಿಸು, ಮತ್ತೆ ತಿದ್ದು ಎಂಬ ಈ ಕ್ರಮವನ್ನು ಮನೋವಿಜ್ಞಾನಿ ಕರ್ಟ್ ಲೆವಿನ್ 1946ರ ಲೇಖನವೊಂದರಲ್ಲಿ ವಿವರಿಸಿದರು. 1953ರಲ್ಲಿ ಅಮೆರಿಕದ ಸ್ಟೀಫನ್ ಕೋರಿ ಪುಸ್ತಕ ಬರೆದು ಅದನ್ನು ಶಾಲಾ ಶಿಕ್ಷಕರ ಕೈಗಿತ್ತರು. ನಮ್ಮ ದೇಶದಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಹುಟ್ಟಿದ ‘ಡಯಟ್’ ಸಂಸ್ಥೆಗಳಿಗೆ ಇದೂ ಒಂದು ಹೊಣೆಯಾಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ತಮ್ಮ ತರಗತಿಗಳಲ್ಲೇ ಪ್ರಯೋಗಿಸಿ ಕಟ್ಟಿದ ‘ನಲಿ-ಕಲಿ’ಯೂ ಇದೇ ದಾರಿಯದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಮಳೆಗೆ ಬರವಿದ್ದರೂ ಇಂಥ ಸಂಶೋಧನೆಗೆ ಬೇಕಾದ ಪ್ರಶ್ನೆಗಳಿಗೆ ಬರವಿಲ್ಲ. ಕಡ್ಲೆಕಾಯಿ ಕೀಳುವ ಕಾಲಕ್ಕೆ ಹಿಂದಿನ ಬೆಂಚುಗಳು ಖಾಲಿ. ಆಂಧ್ರದ ಗಡಿಗೆ ಹೊಂದಿದ ಪಾವಗಡದ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ.

ನಾನೂ ಅಂಥ ಮನೆಯ ಹುಡುಗ. ಎಂಟನೇ ತರಗತಿಯಲ್ಲಿ ಲೆಕ್ಕದಲ್ಲಿ ದಡ್ಡ ಎನಿಸಿಕೊಂಡಿದ್ದೆ. ಒಂದು ದಿನ ಗಣಿತದ ಮೇಷ್ಟ್ರು ಒಂದೇ ಲೆಕ್ಕವನ್ನು ಎರಡು ಬಗೆಯಲ್ಲಿ ಕೊಟ್ಟರು: ಒಮ್ಮೆ ಬರೀ ಅಂಕಿಗಳಲ್ಲಿ, ಒಮ್ಮೆ ವಾಕ್ಯಗಳಲ್ಲಿ. ಅಂಕಿಯದು ಸರಿ, ವಾಕ್ಯದ್ದು ತಪ್ಪು. ನನ್ನಂತೆಯೇ ಇನ್ನೂ ಏಳೆಂಟು ಜನ. “ನಿಮಗೆ ಲೆಕ್ಕ ಬರುತ್ತೆ ಕಣ್ರೋ, ನಾನು ಕೇಳೋದು ತಿಳೀತಿಲ್ಲ” ಎಂದರು ಮೇಷ್ಟ್ರು.

ಮುಂದಿನ ಎರಡು ತಿಂಗಳು ಪ್ರತಿ ಲೆಕ್ಕವನ್ನೂ ಮೊದಲು ಮನೆಮಾತಿನಲ್ಲಿ ಹೇಳಿಸಿದರು, ಚಿತ್ರ ಬರೆಸಿದರು, ಆಮೇಲೆ ಕನ್ನಡದಲ್ಲಿ ಬಿಡಿಸಲು ಹೇಳಿದರು. ವಾರವಾರದ ಅಂಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಹೆಚ್ಚಿನವರು ಸುಧಾರಿಸಿದೆವು, ಇಬ್ಬರು ಸುಧಾರಿಸಲಿಲ್ಲ. ಅವರಿಬ್ಬರೂ ಕಡ್ಲೆಕಾಯಿ ಹೊಲಕ್ಕೆ ಹೋಗಿ ಶಾಲೆ ತಪ್ಪಿಸಿಕೊಂಡ ದಿನಗಳೂ ಆ ಪುಸ್ತಕದಲ್ಲಿದ್ದವು. ಅದರ ಮೊದಲ ಪುಟದ ಪ್ರಶ್ನೆ ನಮ್ಮ ದಡ್ಡತನದ ಬಗ್ಗೆ ಇರಲಿಲ್ಲ. ‘ನಾನು ಕೇಳುವ ರೀತಿಯಲ್ಲಿ ತಪ್ಪೇನಿದೆ?’ ಎಂದಿತ್ತು.

ಈಗ ನನ್ನ ಸಾಫ್ಟ್‌ವೇರ್ ಕೆಲಸದಲ್ಲಿ ದೋಷ ಕಂಡರೆ, ಅದು ಯಾವಾಗ, ಎಲ್ಲಿ ಆಗುತ್ತದೆ ಎಂದು ಮೊದಲು ಬರೆದುಕೊಂಡು ಆಮೇಲೆ ತಿದ್ದುತ್ತೇವೆ. ಈ ಪಾಠ ನನಗೆ ಬಿ.ಇ. ಓದುವ ಮೊದಲೇ ಇಲ್ಲಿ ಆಗಿತ್ತು.

ಆ ಮೇಷ್ಟ್ರಿಗೆ ವರ್ಗವಾಯಿತು. ನೋಟ್‌ಬುಕ್ಕೂ ಅವರೊಂದಿಗೆ ಹೋಯಿತು. ಎರಡು ವರ್ಷದ ನಂತರ ಅದೇ ತರಗತಿಗೆ ಬಂದ ನನ್ನ ತಂಗಿ ಅದೇ ವಾಕ್ಯದ ಲೆಕ್ಕಗಳಲ್ಲಿ ಎಡವಿದಳು. ಹೊಸದಾಗಿ ಬಂದ ಮೇಷ್ಟ್ರಿಗೆ ಹಿಂದಿನವರು ಕಂಡುಕೊಂಡದ್ದು ತಿಳಿಯುವ ದಾರಿಯೇ ಇರಲಿಲ್ಲ. ಸಂಶೋಧನೆ ಒಬ್ಬ ಶಿಕ್ಷಕರನ್ನು ಬೆಳೆಸಿತು, ಶಾಲೆಗೆ ಉಳಿಯಲಿಲ್ಲ.

ಆದ್ದರಿಂದ ಈ ಸುವರ್ಣ ಮಹೋತ್ಸವದ ನೆನಪಿಗೆ ಒಂದು ಕೋರಿಕೆ. ಗ್ರಂಥಾಲಯದಲ್ಲಿ ಒಂದು ಬೀರು ಶಿಕ್ಷಕರ ಇಂಥ ನೋಟ್‌ಬುಕ್ಕುಗಳಿಗೆ ಮೀಸಲಾಗಲಿ, ಫಲಿಸದ ಪ್ರಯೋಗಗಳಿಗೂ ಅಲ್ಲಿ ಜಾಗವಿರಲಿ. ಬೀರುವಿನ ಖರ್ಚು ನಮ್ಮ ಬ್ಯಾಚಿನದು.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್