ಭದ್ರಾವತಿಯಲ್ಲಿ ಹುಟ್ಟಿದ ಪ್ರೇಮಾ ಕಾರಂತ

ಭಾಗ 1

ಫೋಟೋದಲ್ಲಿರೋದು ಭದ್ರಾವತಿಯ ಹಳೆ ಸೇತುವೆ. ಹೊಳೆಹೊನ್ನೂರಿಂದ ಬಸ್ಸು ಹತ್ತಿ ಹೋಗಿದ್ದು ಬ್ಯಾಂಕಿನ ಕೆಲಸಕ್ಕೆ. ಕೆಲಸ ಬೇಗ ಮುಗೀತು, ಸೇತುವೆ ಮೇಲೆ ಸ್ವಲ್ಪ ಹೊತ್ತು ನಿಂತೆ. ಭದ್ರೆ ಕೆಳಗೆ ಸುಮ್ಮನೆ ಹರೀತಿದ್ದಳು. ತಲೆಯಲ್ಲಿ ಮಾತ್ರ ಒಂದು ಇಸವಿ ಓಡ್ತಿತ್ತು: 1936.

ಊರಿಗೆ ಬೆಂಕಿಪುರ ಅನ್ನೋ ಹಳೆ ಹೆಸರಿತ್ತು, ನಿಮಗೆ ಗೊತ್ತಿರಬಹುದು. ಕಬ್ಬಿಣದ ಕಾರ್ಖಾನೆ 1923ರಿಂದ ಕೆಲಸ ಮಾಡ್ತಿತ್ತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಭದ್ರಾವತಿ ಚರಿತ್ರೆ ಅಂದ್ರೆ ನಾವು ಹೇಳೋದು ಇವೆರಡನ್ನೇ. ಅದೇ 1936ರ ಆಗಸ್ಟ್ 15ಕ್ಕೆ (ಆಗ ಆ ತಾರೀಖಿಗೆ ಬಾವುಟವೂ ಇಲ್ಲ, ರಜೆಯೂ ಇಲ್ಲ) ಈ ಊರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಹೆಸರು ಪ್ರೇಮಾ. ಮುಂದೆ ಪ್ರೇಮಾ ಕಾರಂತ.

ಹೆಸರು ಕೇಳಿದ ತಕ್ಷಣ "ಓ, ಬಿ.ವಿ. ಕಾರಂತರ ಹೆಂಡತಿ" ಅಂತೀವಿ. ನಾನೂ ಹಾಗೇ ಅಂದಿದ್ದೆ. ಈ ಕಂತು ಬರೀತಿರೋದು ಆ ಮಾತಿಗೇ. ಅದು ಸುಳ್ಳಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದರೆ ಅವರು ಮಾಡಿದ ಕೆಲಸ ಯಾವುದೂ ಕಾಣೋದಿಲ್ಲ.

ಭಾಗ 2

ಮೊದಲೇ ಒಂದು ಮಾತು ಒಪ್ಕೊಂಡುಬಿಡ್ತೀನಿ. ಅವರು ಇಲ್ಲಿ ಹುಟ್ಟಿದರು, ಅಷ್ಟೇ. ಅಪ್ಪ ಅಮ್ಮನ ಆಸರೆ ಎಳವೆಯಲ್ಲೇ ತಪ್ಪಿತು. ಬೆಳೆದದ್ದು ಶಿಡ್ಲಘಟ್ಟದಲ್ಲಿ, ಅಜ್ಜ ಅಜ್ಜಿಯ ಮನೆಯಲ್ಲಿ. ಹಾಗಾಗಿ "ನಮ್ಮ ಭದ್ರಾವತಿಯ ಮಗಳು" ಅಂತ ಬ್ಯಾನರ್ ಕಟ್ಟೋಕೆ ನಮಗೆ ಎಷ್ಟು ಹಕ್ಕಿದೆ ಅನ್ನೋದು ನನಗೂ ಅನುಮಾನವೇ. ಅದಕ್ಕೆ ಭಾಗ 4ರಲ್ಲಿ ಮತ್ತೆ ಬರ್ತೀನಿ.

ದೊಡ್ಡವರಾಗಿ ಬೆಂಗಳೂರಲ್ಲಿ ಟೀಚರಾದರು. ಕಾರಂತರ ಪರಿಚಯವಾದದ್ದು ಅಲ್ಲೇ. ಕಾರಂತರ ಕಥೆ ಬಹಳ ಜನಕ್ಕೆ ಗೊತ್ತು: ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗ, ಮೂರನೇ ಕ್ಲಾಸಿನಲ್ಲೇ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಪಾರ್ಟು, ಆಮೇಲೆ ಮನೆಬಿಟ್ಟು ಓಡಿ ಗುಬ್ಬಿ ಕಂಪನಿ. ಓದೋಕೆ ಬನಾರಸ್‌ಗೆ ಕಳಿಸಿದವರು ಗುಬ್ಬಿ ವೀರಣ್ಣನವರೇ. ಅಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಸಂಗೀತ. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ (ಎನ್‌ಎಸ್‌ಡಿ), ಅದು ಮುಗಿದದ್ದು 1962ರಲ್ಲಿ.

ಈ ಸಾಲುಗಳ ಮಧ್ಯೆ ಒಂದು ಪ್ರಶ್ನೆ ಯಾರೂ ಕೇಳಲ್ಲ. ಮನೆ ಹೇಗೆ ನಡೀತಿತ್ತು? ದೆಹಲಿಯಲ್ಲಿ ಬಾಡಿಗೆ, ಅಕ್ಕಿ, ಸೀಮೆಎಣ್ಣೆ?

ಪ್ರೇಮಾ ಶಾಲೆಯಲ್ಲಿ ಪಾಠ ಹೇಳ್ತಿದ್ದರು. ಅವರ ಸಂಬಳ ಮನೆಗೆ ಬರ್ತಿತ್ತು, ಇವರು ನಾಟಕ ಕಲೀತಿದ್ದರು.

ನನಗೆ ತುಂಬಾ ಇಷ್ಟವಾದದ್ದು ಇದರ ಮುಂದಿನ ಭಾಗ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪ್ರೇಮಾ ತಾವೇ ಎನ್‌ಎಸ್‌ಡಿ ಸೇರಿ ಓದು ಮುಗಿಸಿದ್ದು 1971ರಲ್ಲಿ. ಕಾರಂತರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದದ್ದು 1969ರಿಂದ 72ರವರೆಗೆ. ಮೊದಲು ಅವಳು ಪಾಠ, ಅವನು ಓದು. ಆಮೇಲೆ ಅವನು ಪಾಠ, ಅವಳು ಓದು. ಗಂಡ ಓದು ಮುಗಿಸಿ ಒಂಬತ್ತು ವರ್ಷ ಆದ ಮೇಲೆ, ಮೂವತ್ತೈದರ ಹತ್ತಿರ ಬಂದ ಹೆಂಗಸು ಅದೇ ಶಾಲೆಯ ಪದವಿ ಪಡೆದಳು. (ಅವರಿಗೆ ಏಕವಚನ ಬಳಸಿದ್ದಕ್ಕೆ ಕ್ಷಮಿಸಿ, ಸಲಿಗೆಯಿಂದ ಬಂತು.)

ಭಾಗ 3

ಈ ಫೋಟೋ ನಮ್ಮ ಮನೇದು. ನಾಲ್ಕನೇ ಕ್ಲಾಸಿನ ವಾರ್ಷಿಕೋತ್ಸವ, ನಾನು ಕೃಷ್ಣ. ಪೀತಾಂಬರ ಅಂದ್ರೆ ಅಮ್ಮನ ಮದುವೆ ಸೀರೆ, ಮಡಚಿ ಮಡಚಿ ಪಿನ್ನು ಹಾಕಿದ್ದು. ಕಿರೀಟ ಲಗ್ನಪತ್ರಿಕೆಯ ರಟ್ಟು. ಕೃಷ್ಣ ಮಾಡಿದವನ ಹೆಸರು ಮೈಕಲ್ಲಿ ಕೂಗಿದರು. ಪಿನ್ನು ಹಾಕಿದವಳ ಹೆಸರು ಯಾರೂ ಕೂಗಲಿಲ್ಲ.

ನಾಟಕದಲ್ಲಿ ಉಡುಪಿನ ಕೆಲಸದ ಗತಿಯೇ ಅದು. ಪ್ರೇಮಾ ಕಾರಂತ ಎಷ್ಟೋ ನಾಟಕಗಳಿಗೆ ಉಡುಪು ವಿನ್ಯಾಸ ಮಾಡಿದವರು. ನಾಟಕ ಮುಗಿದ ಮೇಲೆ ಹಾಡು ಉಳಿಯುತ್ತೆ, ಪುಸ್ತಕ ಉಳಿಯುತ್ತೆ. ಬಟ್ಟೆ ಟ್ರಂಕಿಗೆ ಹೋಗುತ್ತೆ, ಆಮೇಲೆ ಇಲಿ ಪಾಲು.

ಕಾರಂತರು ಕನ್ನಡಕ್ಕೆ ಮರಳಿದ ಆ ವರ್ಷಗಳನ್ನು ನೆನಪಿಸ್ಕೊಳ್ಳಿ. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಲಂಕೇಶರು ಕನ್ನಡಕ್ಕೆ ತಂದ ಗ್ರೀಕರ 'ಈಡಿಪಸ್', ಕಂಬಾರರ 'ಜೋಕುಮಾರಸ್ವಾಮಿ', ಲಂಕೇಶರ 'ಸಂಕ್ರಾಂತಿ'. ಒಂದರಲ್ಲಿ ಗ್ರೀಸಿನ ಅರಸ, ಇನ್ನೊಂದರಲ್ಲಿ ಉತ್ತರ ಕರ್ನಾಟಕದ ಗೌಡ, ಮತ್ತೊಂದರಲ್ಲಿ ಬಿಜ್ಜಳನ ಕಲ್ಯಾಣ. ಆಮೇಲೆ 1974ರಲ್ಲಿ ಗಂಡಹೆಂಡತಿ ಸೇರಿ ಕಟ್ಟಿದ 'ಬೆನಕ'. ಬೆಂಗಳೂರು ನಗರ ಕಲಾವಿದರು ಅನ್ನೋದರ ಮೊದಲಕ್ಷರಗಳು ಅವು. 1979ರಲ್ಲಿ ಎನ್‌ಎಸ್‌ಡಿ ನಿರ್ದೇಶಕರಾಗಿದ್ದ ಕಾರಂತರು ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್'ಗೆ ಯಕ್ಷಗಾನದ ಚಲನೆ ಕೊಟ್ಟು 'ಬರ್ನಮ್ ವನ' ಆಡಿಸಿದರು. ರಘುವೀರ ಸಹಾಯರ ಹಿಂದಿ, ಸ್ಕಾಟ್ಲೆಂಡಿನ ಕಥೆ, ಕರಾವಳಿಯ ಹೆಜ್ಜೆ. ಮೂರು ಸೀಮೆ ಒಂದೇ ರಂಗದ ಮೇಲೆ.

ಸಂಸ್ಕೃತಿ ಸಂಸ್ಕೃತಿ ಕೂಡೋದು ಅಂತ ಸೆಮಿನಾರಲ್ಲಿ ಮಾತಾಡ್ತಾರಲ್ಲ, ರಂಗದ ಮೇಲೆ ಅದು ಮೊದಲು ತೀರ್ಮಾನ ಆಗೋದು ಬಟ್ಟೆಯಲ್ಲಿ ಅಂತ ನನ್ನ ಅನಿಸಿಕೆ. ಥೀಬ್ಸಿನ ರಾಜ ಕನ್ನಡ ಮಾತಾಡ್ತಾನೆ, ಸರಿ. ಏನು ಉಡ್ತಾನೆ? ಪೇಟವಾ? ಬರಿಮೈಯಾ? ನಟ ಬಾಯಿ ತೆಗೆಯೋ ಮೊದಲೇ ಪ್ರೇಕ್ಷಕ ಅದನ್ನು ನೋಡಿಬಿಟ್ಟಿರ್ತಾನೆ.

ಸಿನಿಮಾದಲ್ಲೂ ಪ್ರೇಮಾ ಅವರು ಕಾಲಿಟ್ಟದ್ದು ಉಡುಪಿನ ಕಡೆಯಿಂದಲೇ, ಜಿ.ವಿ. ಅಯ್ಯರ್ ಅವರ 'ಹಂಸಗೀತೆ' (1975). ತ.ರಾ.ಸು. ಕಾದಂಬರಿ, ಚಿತ್ರದುರ್ಗದ ಸಂಗೀತಗಾರನ ಕಥೆ. ನಮ್ಮೂರ ಮೇಲೆ ಹಾದು ಹೋಗೋ ದುರ್ಗದ ಬಸ್ಸು ನೋಡಿದಾಗ ಈಗೀಗ ನನಗೆ ಅದು ನೆನಪಾಗುತ್ತೆ. ಆಮೇಲೆ ಅಯ್ಯರ್ ಅವರದೇ 'ಕುದುರೆ ಮೊಟ್ಟೆ'ಗೆ ಕಲಾ ನಿರ್ದೇಶನ.

ಭಾಗ 4

1983. 'ಫಣಿಯಮ್ಮ'. ಪ್ರೇಮಾ ಕಾರಂತ ನಿರ್ದೇಶಿಸಿದ ಮೊದಲ ಸಿನಿಮಾ. ಕನ್ನಡದ ಮೊದಲ ಮಹಿಳಾ ನಿರ್ದೇಶಕಿ ಅಂತ ಅವರನ್ನು ಕರೆಯೋದು ಇದರಿಂದಲೇ. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ಕಾದಂಬರಿ ಎಂ.ಕೆ. ಇಂದಿರಾ ಅವರದು. ಇಂದಿರಾ ಹುಟ್ಟಿದ್ದು ನಮ್ಮದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ, 1917ರಲ್ಲಿ. ಫಣಿಯಮ್ಮ ಕಟ್ಟುಕಥೆಯ ಪಾತ್ರವಲ್ಲ. ಇಂದಿರಾ ಅವರ ಹಿರೀಕರಲ್ಲೊಬ್ಬರು, ನೂರು ದಾಟಿ ಬದುಕಿದ ಅಜ್ಜಿ. ಮದುವೆ ಅಂದ್ರೇನು ಅಂತ ಗೊತ್ತಾಗೋ ಮೊದಲೇ ವಿಧವೆ. ತಲೆ ಬೋಳಿಸಿ ಒಳಮನೆಗೆ ಹಾಕಿದರು. ಆಮೇಲೆ ಜೀವನಪೂರ್ತಿ ಬೇರೆಯವರ ಮನೆ ಕೆಲಸ, ಬೇರೆಯವರ ಬಾಣಂತನ.

ಅಷ್ಟು ವರ್ಷ ಬಟ್ಟೆ ತೊಡಿಸಿದ ಕೈ ಮೊದಲ ಸಲ ನಿರ್ದೇಶನಕ್ಕೆ ಆರಿಸಿಕೊಂಡದ್ದು ಎಲ್ಲವನ್ನೂ ಕಿತ್ತುಕೊಂಡ ಮೈಯ ಕಥೆಯನ್ನು. ಬಳೆ ಇಲ್ಲ, ಕುಪ್ಪಸ ಇಲ್ಲ, ಕೂದಲಿಲ್ಲ. ಇರೋದು ಒಂದು ಮಡಿ ಸೀರೆ. ಉಡುಪು ಗೊತ್ತಿದ್ದವರಿಗೇ ಇದನ್ನು ತೋರಿಸೋ ಧೈರ್ಯ ಬರೋದು ಅಂತ ಕಾಣುತ್ತೆ. ಎಲ್.ವಿ. ಶಾರದಾ ರಾವ್ ಆ ಸೀರೆಯಲ್ಲಿ ಸುಮ್ಮನೆ ಕೂತಿರೋದೇ ಸಾಕು.

ಎರಡು ಘಟನೆ ಬಿಡದೆ ಕಾಡುತ್ತೆ. ಒಂದು, ಮಡಿ ಹೆಂಗಸು ರಾತ್ರಿ ಹೊತ್ತು ಗುಟ್ಟಾಗಿ ಹೋಗಿ ದಲಿತ ಹೆಣ್ಣಿನ ಹೆರಿಗೆ ಮಾಡಿಸೋದು. ಇನ್ನೊಂದು, ಮನೆಯ ಎಳೆ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲ್ಲ ಅಂತ ನಿಲ್ಲೋದು. ಊರೆಲ್ಲ ಛೀ ಥೂ ಅಂದಾಗ ಆ ಹುಡುಗಿ ಪರ ನಿಂತದ್ದು ಬೋಳುತಲೆಯ ಫಣಿಯಮ್ಮನೇ. ತನಗೆ ಆದದ್ದೇ ಎಲ್ಲರಿಗೂ ಆಗಲಿ ಅನ್ನಲಿಲ್ಲ ಆಕೆ. ನಮ್ಮ ಮನೆಗಳಲ್ಲಿ "ನಾವು ಪಟ್ಟಿಲ್ವಾ, ನೀನೂ ಪಡು" ಅನ್ನೋ ಅತ್ತೆಯರನ್ನು ನೋಡಿದವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತು.

ಹಕ್ಕಿನ ಪ್ರಶ್ನೆ ಬಾಕಿ ಇತ್ತಲ್ಲ. ಭದ್ರಾವತಿ ಅವರನ್ನು ಬೆಳೆಸಲಿಲ್ಲ, ನಿಜ. ಆದರೆ ಅವರು ತಮ್ಮ ಮೊದಲ ಸಿನಿಮಾಕ್ಕೆ ನಮ್ಮ ಸೀಮೆಯ ಒಬ್ಬ ಹೆಂಗಸು ಬರೆದ, ಮಲೆನಾಡಿನ ಇನ್ನೊಬ್ಬ ಹೆಂಗಸಿನ ಬದುಕನ್ನೇ ಆರಿಸಿದರು. ಊರು ಅವರಿಗೆ ಕೊಟ್ಟದ್ದಕ್ಕಿಂತ ಅವರು ಊರಿಗೆ ಕೊಟ್ಟದ್ದು ಹೆಚ್ಚು. ಸಾಲ ನಮ್ಮ ಕಡೆಯೇ ಇದೆ.

ಭಾಗ 5

ಪಾಠ ಹೇಳೋದನ್ನು ಅವರು ಬಿಡಲೇ ಇಲ್ಲ. 1979ರಲ್ಲಿ ಬೆನಕ ಮಕ್ಕಳ ಕೇಂದ್ರ. ಕಾರಂತರು ಎನ್‌ಎಸ್‌ಡಿ (1977–81), ಭೋಪಾಲದ ಭಾರತ ಭವನದ ರಂಗಮಂಡಲ (1981–86), ಮೈಸೂರಿನ ರಂಗಾಯಣ (1989ರಿಂದ) ಅಂತ ಒಂದಾದ ಮೇಲೊಂದು ಸಂಸ್ಥೆ ಕಟ್ಟುತ್ತಾ, ಬಿಡುತ್ತಾ ಹೋದರು. ಪ್ರೇಮಾ ಬೆಂಗಳೂರಲ್ಲಿ ಮಕ್ಕಳ ಜೊತೆ ಉಳಿದರು. ದೊಡ್ಡವರ ನಾಟಕಕ್ಕೆ ವಿಮರ್ಶೆ ಬರುತ್ತೆ, ಮಕ್ಕಳ ನಾಟಕಕ್ಕೆ "ಚೆನ್ನಾಗಿತ್ತು, ಮುದ್ದಾಗಿತ್ತು" ಅಷ್ಟೇ. ಉಡುಪು, ಮಕ್ಕಳು, ಮನೆ ಸಂಬಳ: ಯಾರೂ ಲೆಕ್ಕಕ್ಕೆ ಹಿಡಿಯದ ಮೂರೂ ಕೆಲಸ ಅವರ ಪಾಲಿಗೇ ಬಂದದ್ದು ಬರೀ ಕಾಕತಾಳೀಯ ಅಂತ ನಾನು ನಂಬಲ್ಲ.

ಆದರೂ ಅವರನ್ನು ಬರೀ ನೊಂದವರು ಅಂತ ಚಿತ್ರಿಸಿದರೆ ಅನ್ಯಾಯವಾಗುತ್ತೆ. ಕೆಲಸ ಅವರೇ ಹುಡುಕಿಕೊಂಡು ಮಾಡಿದ್ದು. ತಮ್ಮ ಕಥೆಯನ್ನು ತಾವೇ ಹೇಳಿದರು, 'ಸೋಲಿಸಬೇಡ ಗೆಲಿಸಯ್ಯ' ಅನ್ನೋ ಆತ್ಮಕಥೆಯಲ್ಲಿ. ಕಾರಂತರ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ', ಅದನ್ನು ಬರೆದುಕೊಂಡವರು ವೈದೇಹಿ. ಎರಡನ್ನೂ ಒಂದರ ಹಿಂದೆ ಒಂದು ಓದಿ. ಒಂದೇ ಸಂಸಾರ, ಎರಡು ಪುಸ್ತಕ. ಅವರದ್ದನ್ನೇ ಮೊದಲು ಓದಿ ಅಂತ ನನ್ನ ಸಲಹೆ.

ಕಾರಂತರು ಹೋದದ್ದು 2002ರ ಸೆಪ್ಟೆಂಬರ್ 1. ಪ್ರೇಮಾ 2007ರ ಅಕ್ಟೋಬರ್ 29.

ಈಗ ಶಿವಮೊಗ್ಗದಲ್ಲೂ ಒಂದು ರಂಗಾಯಣ ಇದೆ. ಹೊಳೆಹೊನ್ನೂರಿಂದ ಮುಕ್ಕಾಲು ಗಂಟೆ ದಾರಿ. ಹೋದ ಸಲ ಅಲ್ಲಿ ನಾಟಕ ಮುಗಿದ ಮೇಲೆ ನಾನು ಗ್ರೀನ್ ರೂಮಿನ ಕಡೆ ಹೋದೆ. ಒಬ್ಬರು ನೆಲದ ಮೇಲೆ ಕೂತು ಒದ್ದೆ ಪಂಚೆಗಳನ್ನು ಎಣಿಸಿ ಮಡಚಿಡ್ತಾ ಇದ್ದರು. ಕೊನೆಯ ಫೋಟೋ ಅದೇ, ಮುಖ ಬೇಡ ಅಂದರು, ಕೈ ಮಾತ್ರ ತೆಗೆದೆ.

ಮುಂದಿನ ಕಂತು ಎಂ.ಕೆ. ಇಂದಿರಾ. ಭಾನುವಾರ ತೀರ್ಥಹಳ್ಳಿಗೆ ಹೋಗ್ತಿದೀನಿ. ಅಲ್ಲಿಯವರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಕಾಫಿ ನನ್ನದು.

#ಹೊಳೆಹೊನ್ನೂರು #ಭದ್ರಾವತಿ #ಪ್ರೇಮಾಕಾರಂತ #ಫಣಿಯಮ್ಮ #ಕನ್ನಡರಂಗಭೂಮಿ