ಅರಣ್ಯಮೃತ್ತಿಕೆಯಲ್ಲಿ ಇಂಗಾಲಸಂಚಯ

ಸಸ್ಯಗಳು ವಾಯುಮಂಡಲದಿಂದ ಹೀರಿದ ಇಂಗಾಲವು ಉದುರೆಲೆ, ಬೇರು, ಕಾಷ್ಠಗಳ ಮೂಲಕ ಭೂಮಿಯನ್ನು ಸೇರಿ, ಸೂಕ್ಷ್ಮಜೀವಿಗಳಿಂದ ವಿಘಟಿತವಾಗಿ, ಮಣ್ಣಿನ ಕಣಗಳನ್ನು ಆಶ್ರಯಿಸಿ ದೀರ್ಘಕಾಲ ನಿಲ್ಲುವ ಕ್ರಿಯೆ. ಜಗತ್ತಿನ ಮೃತ್ತಿಕೆಯ ಮೇಲಣ 1 ಮೀಟರ್ ಆಳದಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲವಿದ್ದು, ಇದು ವಾಯುಮಂಡಲದಲ್ಲಿರುವ ಇಂಗಾಲಕ್ಕಿಂತ ಅಧಿಕವಾದುದು.

ಅರಣ್ಯಭೇದ: ಶೀತವಲಯದ ಸೂಚಿಪರ್ಣ ಅರಣ್ಯಗಳಲ್ಲಿ ವಿಘಟನೆ ಮಂದವಾದುದರಿಂದ ಇಂಗಾಲದ ಬಹುಭಾಗ ನೆಲದಲ್ಲಿಯೇ ಉಳಿಯುವುದು. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ತರಗೆಲೆ ಶೀಘ್ರವಾಗಿ ಕೊಳೆತರೂ ಅದರ ಪೂರೈಕೆ ಅವಿರತವಾದುದರಿಂದ ಸಂಚಯವು ಸಮೃದ್ಧವಾಗಿರುವುದು. ಶುಷ್ಕ ಪರ್ಣಪಾತಿ ಕಾಡುಗಳಲ್ಲಿ ಇದು ಕಡಿಮೆ. ಮುಳ್ಳು ಕುರುಚಲು ಕಾಡುಗಳಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪ್ರದೇಶ: 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳು ಮಳೆ ವಿರಳವಾದ ಬಯಲುಸೀಮೆಯವು. 2013ರಲ್ಲಿ ಕರಡಿಧಾಮವೆಂದು ಘೋಷಿತವಾದ ಗುಡೇಕೋಟೆಯಂಥ ಬಂಡೆಗುಡ್ಡಗಳಲ್ಲಿ ಜಾಲಿ, ತಂಗಡಿ, ಕವಳೆಗಳು ಬೆಳೆಯುವ ಕೆಮ್ಮಣ್ಣು ತೆಳುವೂ ಮರಳುಮಿಶ್ರಿತವೂ ಆಗಿರುವುದರಿಂದ, ಜೇಡಿಕಣಗಳ ಅಲ್ಪತೆಯಿಂದ ಸಾವಯವ ಇಂಗಾಲಕ್ಕೆ ಅಲ್ಲಿ ದೃಢವಾದ ಆಶ್ರಯ ದೊರೆಯದು. ಹಡಗಲಿಯ ತುಂಗಭದ್ರಾತೀರದ ಎರೆಭೂಮಿಯಾದರೋ ಜೇಡಿಯಿಂದ ತುಂಬಿ ಇಂಗಾಲವನ್ನು ಹಿಡಿದಿಡಲು ಸಮರ್ಥವಾದರೂ, ಬಹುಕಾಲದಿಂದ ಉಳುಮೆಗೆ ಒಳಗಾದುದು. ಒಣಸೀಮೆಯ ಎರೆಯಲ್ಲಿ ಕಾಣುವ ಸುಣ್ಣದ ಹರಳುಗಳಲ್ಲಿಯೂ ಇಂಗಾಲವುಂಟು. ಆದರೆ ಅದು ನಿರವಯವವಾದುದರಿಂದ ಪ್ರತ್ಯೇಕವಾಗಿ ಗಣಿಸತಕ್ಕದ್ದು.

ಸಂರಕ್ಷಣೆ: ಕಾಳ್ಗಿಚ್ಚು, ಅತಿಯಾದ ಮೇಯಿಸುವಿಕೆ, ಸೌದೆಸಂಗ್ರಹಗಳು ತರಗೆಲೆಯ ಪೂರೈಕೆಯನ್ನು ಕುಂದಿಸಿ, ನಗ್ನವಾದ ನೆಲದಿಂದ ಸಾರವತ್ತಾದ ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿಹೋಗುವಂತೆ ಮಾಡುವುವು. ಆದುದರಿಂದ ಈ ಬಯಲುಸೀಮೆಯಲ್ಲಿ ಹುಲ್ಲು, ಪೊದೆಗಳ ಹೊದಿಕೆಯನ್ನು ಉಳಿಸಿಕೊಳ್ಳುವುದು, ಇಳಿಜಾರಿನಲ್ಲಿ ಬದುಗಳನ್ನು ಕಟ್ಟುವುದು ವೃಕ್ಷಾರೋಪಣದಷ್ಟೇ ಆವಶ್ಯಕ.